ಒಲೆಯ ಗಂಟಲಿನ ಹೆಂಚು

ನನ್ನ ಅಣ್ಣನ ಮನೆಯ ಒಲೆಯೊಳಗೆ ಅಂಗೈ ಅಗಲದ ಹೆಂಚಿನ ಚೂರೊಂದನ್ನು ಇಟ್ಟವಳು ನಾನು. ಅದನ್ನು ತೆಗೆದರೆ ಹೊಗೆ ಹೊರಗೆ ಹೋಗುತ್ತದೆ ಎಂದು ಗೊತ್ತಿದ್ದವಳೂ ನಾನೊಬ್ಬಳೇ. ತೆಗೆಯುವುದು ಒಂದು ಗಳಿಗೆಯ ಕೆಲಸ. ದೀಪಾವಳಿ ಕಳೆದಾಗಿನಿಂದ ಶಿವರಾತ್ರಿ ಹತ್ತಿರ ಬರುವವರೆಗೆ ನಾನು ತೆಗೆಯಲಿಲ್ಲ. ಹೊಗೆ ಯಾಕೆ ಎಂದು ಕೇಳಿದಾಗಲೆಲ್ಲ ತಪ್ಪನ್ನು ಅತ್ತಿಗೆಯ ತಲೆಗೆ ಕಟ್ಟಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸ್ವಲ್ಪ ಸುಲಭವಾದೀತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಂಗಾರಪೇಟೆಯಲ್ಲಿ ಮನೆ ಕಟ್ಟುವ ಕಡೆ ಗಾರೆ ಹೊರುತ್ತಿದ್ದೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ, ಹಳ್ಳಿ ಮನೆಗಳಿಗೆ ಹೊಗೆಯಿಲ್ಲದ ಒಲೆ ಹಾಕಿಸುವ ಕೆಲಸ ನಮ್ಮ ಕಡೆಗೂ ಬಂತು. ಗಾರೆ ಕೆಲಸ ಗೊತ್ತಿರುವ ಹೆಂಗಸರು ಬೇಕು ಎಂದು ಹುಡುಕಿದರು. ಹತ್ತು ದಿನ ಕಲಿಸಿ ಒಂದು ಕಾರ್ಡು ಕೊಟ್ಟರು. ನನ್ನ ಹೆಸರು ಅಚ್ಚಾಗಿದ್ದ ಮೊದಲ ಕಾಗದ ಅದು.

ಕಲಿಸಿದ ಮೇಷ್ಟ್ರು ಒಳ್ಳೆಯವರು. ಕೆರೆಯ ಜೇಡಿಮಣ್ಣು, ಸಗಣಿ, ಬತ್ತದ ಹೊಟ್ಟು ಬೆರೆಸಿ ಎರಡು ದಿನ ನೆನೆಯಲು ಬಿಡಬೇಕು. ಒಲೆಗೆ ಒಂದು ಬಾಯಿ, ಪಾತ್ರೆ ಇಡಲು ಎರಡು ಕುಣಿ. ಉರಿ ಮೊದಲ ಪಾತ್ರೆಯ ತಳ ನೆಕ್ಕಿ, ಎರಡನೆಯದರ ಕೆಳಗೆ ಹಾದು, ಹಿಂದಿನ ಸಣ್ಣ ದಾರಿಯಿಂದ ಸಿಮೆಂಟಿನ ಕೊಳವೆಗೆ ಸೇರಿ ಸೂರಿನ ಮೇಲೆ ಹೊರಗೆ ಹೋಗಬೇಕು. ಆ ಸಣ್ಣ ದಾರಿಯನ್ನು ಮೇಷ್ಟ್ರು ಒಲೆಯ ಗಂಟಲು ಎನ್ನುತ್ತಿದ್ದರು. "ಗಂಟಲು ಸರಿಯಿದ್ದರೆ ಒಲೆ ಸರಿಯಮ್ಮ. ದೊಡ್ಡದಾದರೆ ಬಿಸಿಯೆಲ್ಲ ಕೊಳವೆ ಪಾಲು. ಚಿಕ್ಕದಾದರೆ ಹೊಗೆಯೆಲ್ಲ ನಿನ್ನ ಕಣ್ಣ ಪಾಲು." ಅದಕ್ಕೆಂದೇ ಗಂಟಲಿಗೆ ಒಂದು ತಗಡಿನ ಬಾಗಿಲು ಇರಬೇಕಿತ್ತು. ಹೊತ್ತಿಸುವಾಗ ತೆರೆದು, ಉರಿ ಹಿಡಿದ ಮೇಲೆ ಅರ್ಧ ಮುಚ್ಚುವುದು. ಕಲಿಸುವಾಗ ಆ ತಗಡನ್ನು ತೋರಿಸಿದರು. ಆಮೇಲೆ ನಮಗೆ ಕೊಟ್ಟ ಸಾಮಾನಿನಲ್ಲಿ ಕೊಳವೆ ಇತ್ತು, ಅಚ್ಚು ಇತ್ತು, ತಗಡು ಇರಲಿಲ್ಲ. ಮುಂದಿನ ಸಲ ಬರುತ್ತದೆ ಎಂದರು.

ಮೊದಲ ದಿನವೇ ಸಾಹೇಬರೊಬ್ಬರು ಬಂದು ಈ ಒಲೆ ಯಾಕೆ ಎಂದು ಹೇಳಿದ್ದರು. ಸೌದೆಗೆಂದು ಗುಡ್ಡಗಳೆಲ್ಲ ಬೋಳಾಗಿವೆ, ಮರ ಕಡಿದು ಸುಡುತ್ತಾ ಹೋದರೆ ಇಡೀ ಭೂಮಿಯ ಗಾಳಿಯೇ ಬಿಸಿಯಾಗುತ್ತದಂತೆ, ನೀವು ಒಂದು ಕೊರಡು ಉಳಿಸಿದರೂ ದೊಡ್ಡ ಕೆಲಸ ಎಂದರು. ಅದನ್ನು ಮನೆಯಲ್ಲಿ ಹೇಳಿದೆ. ಅಣ್ಣ ನಕ್ಕು ಕೆಮ್ಮಿದ.

"ಭೂಮಿ ಬಿಸಿ ಆಯ್ತದಂತಾ? ಚಾಂಪಿಯನ್ ರೀಫ್ಸ್ ತಳಕ್ಕಿಳಿದು ನೋಡು ಅನ್ನು ನಿಮ್ ಸಾಹೇಬ್ರಿಗೆ. ಆಗ್ಲೇ ಕುದೀತಾ ಐತೆ."

ಅಣ್ಣ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿದವನು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ ಎಂದು ಡಾಕ್ಟರು ಹೇಳಿ ಕೆಲಸ ಬಿಡಿಸಿದ ಮೇಲೆ, ಅಲ್ಲಿ ಗಣಿಯವರು ಕೊಟ್ಟಿದ್ದ ಲೈನ್ ಮನೆ ಬಿಟ್ಟು ಅತ್ತಿಗೆಯ ಜೊತೆ ನಮ್ಮ ಊರಿಗೆ ಬಂದಿದ್ದ. ಬಂಗಾರಪೇಟೆಯಿಂದ ನಮ್ಮ ಊರಿಗೆ ಮೂರು ಮೈಲಿ. ಅವನ ಮನೆ ನನ್ನ ಮನೆಯಿಂದ ಎರಡು ಗೋಡೆ ಆಚೆ. ಆಗಿನ್ನೂ ಬೆಳಿಗ್ಗೆ ಬಸ್ಸು ನಿಲ್ಲುವ ಆಲದ ಮರದವರೆಗೆ ನಡೆದು, ಟೀ ಕುಡಿದು, ನಾಲ್ಕು ಸಲ ಕೂತು ಎದ್ದು ವಾಪಸಾಗುತ್ತಿದ್ದ.

ನಾನು ಹಾಕಿದ ಮೊದಲ ಒಲೆಗಳು ಚೆನ್ನಾಗಿ ಹೊಗೆ ಎಳೆದವು. ಗೋಡೆಗೆ ಮಸಿ ಹತ್ತಲಿಲ್ಲ. ಊರಿಗೆ ಬರುತ್ತಿದ್ದ ನರ್ಸಮ್ಮ ಒಂದು ಮನೆಯ ಅಡುಗೆಮನೆಯಲ್ಲಿ ಕೂತು, "ಇಲ್ಲಿ ಕೂಸಿಗೆ ಹಾಲು ಕುಡಿಸಬಹುದಲ್ಲೇ" ಎಂದು ಖುಷಿಪಟ್ಟರು. ಮಾರನೇ ವಾರ ತಪಾಸಣೆಯ ಸಾಹೇಬರು ಬಂದರು. ಅವರ ಕೆಲಸ ಬೇರೆ. ಸ್ಪ್ರಿಂಗ್ ತಕ್ಕಡಿಯಲ್ಲಿ ಸೌದೆ ತೂಗುವುದು, ಅಳತೆಯ ನೀರು ಕುದಿಸುವುದು, ಉಳಿದ ಸೌದೆಯನ್ನು ಮತ್ತೆ ತೂಗುವುದು. ನನ್ನ ಒಲೆಗಳು ಸೌದೆ ತಿಂದವು. ಗಂಟಲಿಗೆ ಬಾಗಿಲಿಲ್ಲ, ಉರಿ ನೇರ ಕೊಳವೆಗೆ ಓಡುತ್ತಿತ್ತು. ಎಲ್ಲ ಫೇಲು. ನಾನು ಗೋಡೆ ತೋರಿಸಿ, "ಹೊಗೆ ಇಲ್ವಲ್ಲ ಸ್ವಾಮಿ" ಎಂದೆ. ಅವರು ತುಂಬುತ್ತಿದ್ದ ನಮೂನೆಯ ಕಾಗದವನ್ನು ನನ್ನ ಕಡೆ ತಿರುಗಿಸಿದರು. "ಇದರಲ್ಲಿ ಹೊಗೆಗೆ ಕಾಲಮ್ಮು ಎಲ್ಲಿದೆ, ತೋರಿಸಮ್ಮ." ಇರಲಿಲ್ಲ.

ಇನ್ನೊಂದು ಸಲ ಹೀಗಾದರೆ ಕಾರ್ಡು ವಾಪಸ್ ಎಂದರು. ಮತ್ತೆ ಗಾರೆ ಬಾಂಡ್ಲಿ ಹೊರಬೇಕು. ಅಂದೇ ಒಂದು ಒಡೆದ ಹೆಂಚನ್ನು ಅಂಗೈ ಅಗಲಕ್ಕೆ ಕಡಿದು, ಒಂದು ಒಲೆಯ ಗಂಟಲಿಗೆ ನಿಲ್ಲಿಸಿ, ಸುತ್ತ ಮಣ್ಣು ಮೆತ್ತಿದೆ. ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತು. ಒಣಗಿದ ಹುಣಸೆ ಸೌದೆಯನ್ನು ಬೆರಳು ದಪ್ಪ ಸೀಳಿ, ಎರಡೆರಡೇ ಇಟ್ಟು ಉರಿಸಿದೆ. ನೀರು ಬೇಗ ಕುದಿಯಿತು, ಸೌದೆ ಉಳಿಯಿತು, ಹೊಗೆಯೂ ಅಷ್ಟಾಗಿ ಬರಲಿಲ್ಲ. ಗೆದ್ದೆ ಅಂದುಕೊಂಡು ಉಳಿದ ಒಲೆಗಳಿಗೂ ಹಾಗೇ ಹೆಂಚು ಇಟ್ಟೆ.

ಆಮೇಲೆ ಊರಿನಲ್ಲಿ ಒಂದು ಮಾದರಿ ಒಲೆ ಆಗಬೇಕು ಎಂದರು. ಅಣ್ಣನ ಮನೆ ರಸ್ತೆಗೆ ಹತ್ತಿರ. ಕೇಳಿದೆ.

"ಆಕು, ಆಕು. ಒಗೆ ಆಚೆಗೋದ್ರೆ ಸಾಕು ನಂಗೆ" ಅಂದ ಅಣ್ಣ. "ಗಣಿ ಧೂಳು ನನ್ ಪಾಲಿಂದು, ಕುಡಿದಾಯ್ತು. ಒಗೆ ಯಾಕೆ ಕುಡೀಲಿ?"

ಅತ್ತಿಗೆ ಮೂರು ದಿನ ನನ್ನ ಜೊತೆ ಮಣ್ಣು ತುಳಿದಳು. ಒಲೆ ಒಣಗಿ, ಸುಣ್ಣ ಬಳಿದು, ತಪಾಸಣೆಯ ಹಿಂದಿನ ದಿನ ನಾನು ಹೆಂಚು ಇಟ್ಟೆ. ಪರೀಕ್ಷೆಯಲ್ಲಿ ಆ ಒಲೆ ತಾಲ್ಲೂಕಿಗೇ ಮೊದಲು ಬಂತು. ಗೋಡೆಗೆ ಬೋರ್ಡು ಹೊಡೆದರು, ಫೋಟೋ ತೆಗೆದರು. ಸಾಹೇಬರು ಹೋದ ಮೇಲೆ ಹೆಂಚು ತೆಗೆಯಬೇಕು ಎಂದೇ ಇದ್ದೆ. ಹೊರಡುವಾಗ ಅವರು ಹೇಳಿದರು: "ಮರುಪರೀಕ್ಷೆ ಯಾವಾಗ ಬೇಕಾದರೂ ಇರುತ್ತೆ. ಮಾದರಿ ಒಲೆ ಫೇಲಾದರೆ ಈ ಊರಿನ ಒಲೆಗಳೆಲ್ಲ ಫೇಲು." ನಾನು ತೆಗೆಯಲಿಲ್ಲ.

ಪರೀಕ್ಷೆಗೆ ಹುಣಸೆ ಸೌದೆ ನಾನೇ ಹೊತ್ತೊಯ್ದಿದ್ದೆ. ಮನೆಗಳಲ್ಲಿ ಹುಣಸೆ ಸೌದೆ ಎಲ್ಲಿಂದ ಬರಬೇಕು? ನಮ್ಮ ಕಡೆ ಹೆಂಗಸರು ನೀಲಗಿರಿ ತೋಪಿನಲ್ಲಿ ಗುಡಿಸಿ ತಂದ ಎಲೆ ಉರಿಸುತ್ತಾರೆ. ರೇಷ್ಮೆ ಹುಳುವಿಗೆ ಸೊಪ್ಪು ತಿನ್ನಿಸಿ ಉಳಿದ ಹಿಪ್ಪುನೇರಳೆ ಕಡ್ಡಿ ಉರಿಸುತ್ತಾರೆ. ನೀಲಗಿರಿ ಎಲೆ ಭಗ್ ಎಂದು ಹತ್ತಿ ರಾಶಿ ಹೊಗೆ ಬಿಡುತ್ತದೆ. ಅಷ್ಟು ಹೊಗೆ ಆ ಗಂಟಲಿನಲ್ಲಿ ಹಿಡಿಸುತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಬಾಯಿಂದ ಬರುತ್ತಿತ್ತು.

ಕಾರ್ತಿಕದಲ್ಲಿ ಅತ್ತಿಗೆ ಬಂದು ಕರೆದಳು. ಕಣ್ಣು ಕೆಂಡವಾಗಿತ್ತು. "ಅಮ್ಮಯ್ಯ, ಎಲೆ ಆಕಿದ್ರೆ ಬಾಯಾಗೆ ಒಗೆ ಕಕ್ತೈತೆ. ಒಳಗೆ ಏನಾನ ಅಡ್ಡ ಸಿಕ್ಕೊಂಡೈತಾ ನೋಡು."

ನಾನು ಹೋಗಿ ಬಗ್ಗಿ ನೋಡಿದ ಹಾಗೆ ಮಾಡಿದೆ. "ಕಡ್ಡಿ ಅಸಿ ಐತೆ ಅತ್ತಿಗೆ. ಬಿಸಿಲಿಗೆ ಆಕಲ್ಲ ನೀನು. ಇಲ್ನೋಡು, ಮುದ್ದೆ ತೊಳಸೋವಾಗ ಮಡಕೆ ಅಲ್ಲಾಡ್ಸಿ ಕುಣಿ ಅಂಚು ಒಡ್ದಿದ್ದೀಯ. ಅಲ್ಲಿಂದಾನೇ ಒಗೆ."

ಅಂಚು ನಿಜವಾಗಿಯೂ ಬಿರುಕು ಬಿಟ್ಟಿತ್ತು. ನಮ್ಮ ಕಡೆ ಮುದ್ದೆ ಮಾಡುವುದೆಂದರೆ ಮಡಕೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ದಪ್ಪ ಕೋಲಿನಿಂದ ಮೈಬಲವೆಲ್ಲ ಹಾಕಿ ತೊಳಸಬೇಕು. ಅದಕ್ಕೆ ತಡೆಯದ ಒಲೆಯನ್ನು ಮುದ್ದೆ ಉಣ್ಣುವ ಊರಿಗೆ ಹಾಕಿದ್ದು ಅತ್ತಿಗೆಯ ತಪ್ಪಲ್ಲ. ಹಾಗಂತ ನಾನು ಹೇಳಲಿಲ್ಲ. ಅಣ್ಣ ಹಜಾರದಿಂದಲೇ ಹೆಂಡತಿಗೆ ಗದರಿದ.

"ಕಲ್ತು ಬಂದವ್ಳು ಏಳ್ತಾವ್ಳೆ, ಕೇಳೇ! ಮೈನ್ಸ್‌ನಾಗೆ ಪಾತಾಳಕ್ಕೆ ಗಾಳಿ ತಂದವ್ರೆ, ನಿಂಗೆ ಆಳುದ್ದ ಪೈಪ್‌ನಾಗೆ ಒಗೆ ಕಳ್ಸೋಕಾಗಲ್ವಾ?"

ಅತ್ತಿಗೆ ಮಾರನೇ ದಿನದಿಂದ ಕಡ್ಡಿಯನ್ನು ಎರಡೆರಡು ದಿನ ಬಿಸಿಲಿಗೆ ಹಾಕಿದಳು. ಅಂಚಿಗೆ ಹೊಸ ಮಣ್ಣು ಮೆತ್ತಿದಳು. ಹೊಗೆ ನಿಲ್ಲಲಿಲ್ಲ.

ಅಲ್ಲಿಯವರೆಗೆ, ಹೊಗೆ ಬಂದರೂ ಸೌದೆಯಾದರೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಾಹೇಬರು ಬಿಟ್ಟುಹೋಗಿದ್ದ ತಕ್ಕಡಿ ಒಂದು ವಾರ ನನ್ನ ಬಳಿ ಇತ್ತು. ಅಣ್ಣ ಆಸ್ಪತ್ರೆಗೆ, ಅತ್ತಿಗೆ ಅವನ ಜೊತೆಗೆ ಹೋಗಿದ್ದ ಒಂದು ಮಧ್ಯಾಹ್ನ, ಅತ್ತಿಗೆಯ ಎಲೆ ಮತ್ತು ಕಡ್ಡಿಯನ್ನೇ ತೂಗಿ ಆ ಒಲೆಯಲ್ಲಿ ಒಂದು ಮಡಕೆ ನೀರು ಕುದಿಸಿದೆ. ಆಮೇಲೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅಷ್ಟೇ ನೀರು ಕುದಿಸಿದೆ. ಹೆಂಚಿಟ್ಟ ನನ್ನ ಒಲೆ ಮೂರು ಕಲ್ಲಿಗಿಂತ ಹೆಚ್ಚು ತಿಂದಿತ್ತು. ಉಸಿರು ಕಟ್ಟಿದ ಬೆಂಕಿ ಉರಿಯದೆ ಹೊಗೆಯುತ್ತಿತ್ತು. ಊದುಗೊಳವೆಯಲ್ಲಿ ಊದಿ ಊದಿ, ಮತ್ತೆ ಮತ್ತೆ ಕಡ್ಡಿ ತುರುಕಬೇಕಿತ್ತು. ಹೊಗೆಯೂ ಹೋಗಲಿಲ್ಲ, ಸೌದೆಯೂ ಉಳಿಯಲಿಲ್ಲ. ಉಳಿದದ್ದು ಪರೀಕ್ಷೆಯ ದಿನದ ಹುಣಸೆ ಸೌದೆ ಮಾತ್ರ. ತಕ್ಕಡಿಯನ್ನು ಒರೆಸಿ, ಬೂದಿ ಗುಡಿಸಿ, ಯಾರಿಗೂ ಹೇಳದೆ ಮನೆಗೆ ಬಂದೆ.

ತಗಡಿನ ಬಾಗಿಲೊಂದು ಸಿಕ್ಕಿದ್ದರೆ ಎರಡೂ ಸರಿಹೋಗುತ್ತಿತ್ತು. ಅದಕ್ಕಾಗಿ ಬಂಗಾರಪೇಟೆಗೆ ಅಲೆದೆ. ಒಲೆ ಕಚೇರಿಯ ಗುಮಾಸ್ತರು, "ಏಮ್ಮಾ, ತಗಡು ಯಾಕೆ? ನಿನ್ನ ಒಲೆ ತಗಡಿಲ್ದೇನೇ ಫಸ್ಟ್ ಬಂದಿದೆ" ಎಂದರು. ಹೆಂಚಿನ ಮಾತು ಎತ್ತುವಂತಿರಲಿಲ್ಲ. ಹೊಗೆ ಬರುತ್ತದೆ ಸ್ವಾಮಿ ಎಂದೆ. ಹೊಗೆ ವಿಷಯ ಆರೋಗ್ಯದವರದು ಎಂದರು. ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಕೇಳಿದೆ. ಅವರು ದೊಡ್ಡ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು, "ಕೆಮ್ಮಿಗೆ ಔಷಧಿ ಕೊಡ್ತೀನಮ್ಮ. ಒಲೆಗೆ ನಾನೇನು ಕೊಡಲಿ? ಅದು ಸೌದೆ ಉಳಿಸೋ ಯೋಜನೆ, ಅವರನ್ನೇ ಕೇಳು" ಎಂದರು. ಮೂರು ಸಲ ಹೋದೆ. ಮೂರು ಸಲವೂ ಇದೇ. ಸೌದೆಗೆ ಒಂದು ಬಾಗಿಲು, ಕೆಮ್ಮಿಗೆ ಒಂದು ಬಾಗಿಲು, ನಡುವೆ ರೈಲ್ವೆ ಗೇಟು. ಬಿಸಿಲಿನಲ್ಲಿ ಆ ಗೇಟಿನ ಬಳಿ ನಿಂತು ಅವರೆಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ. ಹೆಂಚು ಇಟ್ಟವಳ ಮೇಲೆ ಮಾತ್ರ ಸಿಟ್ಟು ಬರಲಿಲ್ಲ.

ಚಳಿ ಜೋರಾದ ಮೇಲೆ ಅಣ್ಣ ಆಲದ ಮರದವರೆಗೆ ಹೋಗುವುದು ನಿಂತಿತು. ಒಲೆ ಹೊತ್ತಿಸುವ ಹೊತ್ತಿಗೆ ಕಂಬಳಿ ಹೊದ್ದು ಹೊರಗೆ ಮಂಜಿನಲ್ಲಿ ಕೂರುತ್ತಿದ್ದ. ಅದನ್ನು ನೋಡಲಾರದೆ ಅತ್ತಿಗೆ ಹಿತ್ತಲಿನ ಗೋಡೆಯ ಮರೆಯಲ್ಲಿ ಮೂರು ಕಲ್ಲು ಹೂಡಿ ಅಲ್ಲೇ ಅಡುಗೆ ಶುರುಮಾಡಿದಳು. ಎರಡನೇ ದಿನ ನನ್ನ ಕಣ್ಣಿಗೆ ಬಿತ್ತು.

"ಅತ್ತಿಗೆ, ಯಾರಾನ ನೋಡಿದ್ರೆ ಏನ್ ಗತಿ? ಮಾದರಿ ಒಲೆ ಮನೇನಾಗೆ ಮೂರ್ ಕಲ್ಲು!"

"ನಿಮ್ಮಣ್ಣ ಮಂಜಿನಾಗೆ ಕುಂತವ್ರೆ ಕಣಮ್ಮ. ಬೋರ್ಡು ನೋಡ್ಲಾ, ಅವರನ್ನ ನೋಡ್ಲಾ?"

ನಾನು ಬಗ್ಗಿ, ಮೂರರಲ್ಲಿ ಒಂದು ಕಲ್ಲನ್ನು ಎತ್ತಿಕೊಂಡು ಮನೆಗೆ ಹೊರಟೆ. ಇನ್ನೂ ಬೆಚ್ಚಗಿತ್ತು, ಸೀರೆ ಸೆರಗಿನಲ್ಲಿ ಹಿಡಿದುಕೊಂಡೆ. ಅತ್ತಿಗೆ ಹಿಂದೆ ಬರಲಿಲ್ಲ, ಕೂಗಲೂ ಇಲ್ಲ. ಬೇರೆ ಕಲ್ಲು ತಂದು ಹೂಡುವುದು ದೊಡ್ಡ ಮಾತಲ್ಲ. ಅವಳು ಹೂಡಲಿಲ್ಲ. ಮತ್ತೆ ಒಳಗೇ ಹೊತ್ತಿಸಿದಳು. ಆ ಕಲ್ಲನ್ನು ನಾನು ನನ್ನ ಬಚ್ಚಲ ಬಾಗಿಲಿಗೆ ಒತ್ತಿಟ್ಟೆ.

ಮರುಪರೀಕ್ಷೆಗೆ ಬೆಂಗಳೂರಿನಿಂದ ಜನ ಬರುತ್ತಾರೆಂದು ಶಿವರಾತ್ರಿಗೆ ಮೊದಲು ಹೇಳಿ ಕಳಿಸಿದರು. ಹಿಂದಿನ ಸಂಜೆ ಒಲೆಗೆ ಸುಣ್ಣ ಬಳಿಯಲು ಹೋದೆ. ಅಣ್ಣ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅತ್ತಿಗೆಗೆ ನಾಲ್ಕು ಕಡ್ಡಿ ಹೊತ್ತಿಸು ಎಂದ. ತಣ್ಣಗಿನ ಬೂದಿ ಒಂದು ಚಿಟಿಕೆ ತೆಗೆದು ಒಲೆಯ ಬಾಯಿಯ ಎದುರು ಮೇಲಿಂದ ಬಿಟ್ಟ. ಗಣಿಯೊಳಗೆ ಗಾಳಿ ಯಾವ ಕಡೆ ಓಡುತ್ತಿದೆ ಎಂದು ನೋಡಲು ಅವರು ಧೂಳು ಹೀಗೇ ಬಿಡುತ್ತಿದ್ದರಂತೆ. ಬೂದಿ ಒಲೆಯೊಳಗೆ ಹೋಗಲಿಲ್ಲ. ಅಣ್ಣನ ಮಂಡಿಯ ಮೇಲೆ ಬಿತ್ತು. ಇನ್ನೊಂದು ಚಿಟಿಕೆ ಬಿಟ್ಟ. ಅದೂ ಹಾಗೇ.

"ಗಾಳಿ ಇಂದಕ್ಕೆ ಬತ್ತಾ ಐತೆ" ಅಂದ. "ಸೌದೆದಲ್ಲ ಇದು. ಅಂಚಿಂದೂ ಅಲ್ಲ. ಒಳಗೆ ದಾರಿ ಮುಚ್ಚೈತೆ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ನಿನ್ನ ಸುಮ್ಕೆ ಬೈದೆ ಕಣೆ, ಇಷ್ಟು ದಿನ."

ಅತ್ತಿಗೆ, "ಬುಡಿ, ಮೇಲಕ್ಕೆದ್ದೇಳಿ, ಒಗೆ ಐತೆ" ಎಂದಳು.

ಅಣ್ಣ ನನ್ನನ್ನು ಕೇಳಿದ. "ಏನಿರಬೌದಮ್ಮಿ ಒಳಗೆ?"

"ಮಸಿ ಕಟ್ಟಿರಬೇಕು" ಎಂದೆ. ಮಾಡದ ತಪ್ಪಿಗೆ ಬೈಸಿಕೊಂಡವಳ ಎದುರಿಗೆ, ಅರಿಯದೆ ಬೈದವನು ತಪ್ಪೊಪ್ಪಿಕೊಂಡಿದ್ದ. ತಪ್ಪು ಮಾಡಿದವಳು ಸುಣ್ಣದ ಬ್ರಷ್ಷು ಹಿಡಿದು ನಿಂತಿದ್ದೆ.

ಬೆಳಿಗ್ಗೆ ಒಣ ಹುಣಸೆ ಸೌದೆಯ ಕಟ್ಟು ಹೊತ್ತು ಹೋದೆ. ಅಣ್ಣ ಆಗಲೇ ಹೊರಗೆ, ಬೇಲಿಯ ಪಕ್ಕ, ಮನೆಯಿಂದ ದೂರ ಕೂತಿದ್ದ.

"ಯಾಕಣ್ಣ ಇಷ್ಟು ದೂರ?"

"ನಾನ್ ಕೆಮ್ಮೋದು ಅವ್ರಿಗೆ ಕೇಳಿಸ್ಬಾರ್ದಲ್ಲಮ್ಮಿ. ಒಲೆ ಸರಿಯಿಲ್ಲ ಅಂದ್ಕೋತಾರೆ. ಅವ್ರು ವಾಪಸ್ ಓದ್ಮೇಲೆ ಒಳಕ್ಕೆ ಬತ್ತೀನಿ. ನಿನ್ ಪರೀಕ್ಷೆ ಕೆಡ್ಸಲ್ಲ, ಓಗು."

ಸೌದೆ ಕಟ್ಟನ್ನು ಅಲ್ಲೇ ಬೇಲಿಗೆ ಒರಗಿಸಿಬಿಟ್ಟೆ.

ಸಾಹೇಬರು, ಬೆಂಗಳೂರಿನ ಒಬ್ಬ ಮೇಡಂ, ಬಾಗಿಲ ತುಂಬ ಊರಿನವರು. ತಕ್ಕಡಿ ಹೊರಬಂತು. ಸೌದೆ ಎಲ್ಲಿ ಎಂದರು. ಅತ್ತಿಗೆಯ ರಾಶಿಯಿಂದ ಎಲೆಯನ್ನೂ ಕಡ್ಡಿಯನ್ನೂ ತಂದು ತಕ್ಕಡಿಗೆ ಹಾಕಿದೆ. ಸಾಹೇಬರು ಹುಬ್ಬು ಗಂಟಿಕ್ಕಿದರು. "ಇದರಲ್ಲೇ ಮಾಡ್ತೀವಿ ಸ್ವಾಮಿ ದಿನಾ" ಎಂದೆ. ಹೊತ್ತಿಸಿದೆ. ಗಳಿಗೆಯಲ್ಲಿ ಅಡುಗೆಮನೆ ಕಾಣದಾಯಿತು. ಮೇಡಂ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು. ನೀರು ಕುದಿಯಲು ಇನ್ನೂ ತಡವಿತ್ತು. ಕಡ್ಡಿ ಹಿಂದಕ್ಕೆಳೆದು, ನೀರು ಚಿಮುಕಿಸಿ, ಎರಡನೇ ಕುಣಿಯಿಂದ ಕೈ ಇಳಿಸಿ ಹೆಂಚನ್ನು ಕಿತ್ತು ನೆಲಕ್ಕೆ ಹಾಕಿದೆ. ಕೈ ಸುಟ್ಟಿತು.

"ಇದು ಅಡ್ಡ ಇತ್ತು" ಎಂದೆ. ಯಾರು ಇಟ್ಟದ್ದು ಎಂದು ಹೇಳಲಿಲ್ಲ.

ಮತ್ತೆ ಹೊತ್ತಿಸಿದೆ. ಕೊಳವೆ ಗುಡುಗಿದ ಹಾಗೆ ಎಳೆಯಿತು. ಗೋಡೆ ಕಂಡಿತು, ಬಾಗಿಲು ಕಂಡಿತು, ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ ಅಣ್ಣ ಕಂಡ. ತೂಗಿದರು. ಒಲೆ ಹೆಂಚಿದ್ದಾಗಿನಷ್ಟು ಸೌದೆ ತಿಂದಿರಲಿಲ್ಲ, ಆದರೆ ನಮೂನೆಯಲ್ಲಿ ಬೇಕಾದಷ್ಟು ಉಳಿದೂ ಇರಲಿಲ್ಲ. ಸಾಹೇಬರು ಫೇಲು ಎಂದು ಬರೆದರು. ಮೇಡಂ ಮಾತ್ರ ಮಸಿಯಾದ ಹೆಂಚನ್ನು ಕಾಗದದಲ್ಲಿ ಎತ್ತಿ ತಿರುಗಿಸಿ ನೋಡಿದರು.

"ಹೊಗೆ ಅಂದರೆ ಉರಿಯದೆ ಹೋದ ಸೌದೆ ತಾನೆ" ಎಂದು ಸಾಹೇಬರಿಗೆ ಹೇಳಿದರು. "ಒಂದನ್ನು ತೂಗಿ ಇನ್ನೊಂದನ್ನು ಬಿಟ್ಟರೆ ಹೀಗೇ ಆಗೋದು. ಮೊದಲ ಸಲವೂ ಇವರ ಸೌದೆಯಲ್ಲೇ ಪರೀಕ್ಷೆ ಮಾಡಬೇಕಿತ್ತು. ತಗಡಿನ ಬಾಗಿಲು ಯಾಕೆ ಕೊಟ್ಟಿಲ್ಲ ಇವರಿಗೆ?"

ಸಾಹೇಬರು, "ತರಿಸೋಕೆ ಇಂಡೆಂಟ್ ಹಾಕಿದ್ದೇವೆ ಮೇಡಂ" ಎಂದರು. ಆ ತಗಡು ನಮ್ಮ ಊರಿಗೆ ಕೊನೆಗೂ ಬರಲಿಲ್ಲ. ಮೇಡಂ ಆಮೇಲೆ ಏನು ಬರೆದರೋ ಗೊತ್ತಿಲ್ಲ. ನನ್ನ ಕಾರ್ಡು ವಾಪಸ್ಸಾಯಿತು, ಬೋರ್ಡು ಕಿತ್ತುಕೊಂಡು ಹೋದರು. ನಾನು ಗಾರೆ ಕೆಲಸಕ್ಕೆ ಮರಳಿದೆ. ಸಂಜೆ ಹೊತ್ತು ಊರಿನ ಉಳಿದ ಒಲೆಗಳ ಹೆಂಚುಗಳನ್ನೂ ಒಂದೊಂದಾಗಿ ತೆಗೆದೆ. ಆ ಮನೆಗಳವರಿಗೆ ನಾನೇ ಇಟ್ಟದ್ದು ಎಂದೆ. ಅವರು ಬೈದರು. ಬೈಸಿಕೊಳ್ಳುವುದು ಕಷ್ಟವಾಗಲಿಲ್ಲ.

ಎರಡು ಗೋಡೆ ಆಚೆಯ ಮನೆಯಲ್ಲಿ ಮಾತ್ರ ನಾಲಿಗೆ ಏಳಲಿಲ್ಲ. ಹೆಂಚಿನ ಸುತ್ತ ಮೆತ್ತಿದ ಮಣ್ಣು ಸುಟ್ಟು ಗಟ್ಟಿಯಾಗಿ, ಅದರ ಮೇಲೆ ನನ್ನ ಬೆರಳ ಗುರುತುಗಳು ಹಾಗೇ ಇದ್ದವು. ಅತ್ತಿಗೆ ಅದನ್ನು ನೋಡಿದ್ದಳು. ಏನೂ ಕೇಳಲಿಲ್ಲ. ಅಣ್ಣ ಒಲೆ ಮುಂದೆ ಕೂತು ಚಳಿ ಕಾಯಿಸಿಕೊಳ್ಳುವಂತಾದ. ಆದರೆ ಆಲದ ಮರದವರೆಗೆ ಅವನು ಮತ್ತೆ ನಡೆಯಲಿಲ್ಲ. ಅದರಲ್ಲಿ ಗಣಿಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಯುಗಾದಿ ಕಳೆದು ಒಂದು ಬೆಳಿಗ್ಗೆ ಬಚ್ಚಲ ಬಾಗಿಲಿನ ಕಲ್ಲನ್ನು ತೊಳೆದು, ಎತ್ತಿಕೊಂಡು ಹೋದೆ. ಅತ್ತಿಗೆ ಮುದ್ದೆ ತೊಳಸುತ್ತಿದ್ದಳು. ಅಣ್ಣ ಪಕ್ಕದಲ್ಲಿ ಕವೆಗೋಲು ಒತ್ತಿ ಹಿಡಿದಿದ್ದ. ಕಲ್ಲನ್ನು ನೋಡಿ ಅಣ್ಣ, "ಇದ್ಯಾಕಮ್ಮಿ, ನಮ್ಮನೇಲಿ ಕಲ್ಲಿಗೆ ಬರ ಬಂದೈತಾ?" ಎಂದು ನಕ್ಕ. ಅತ್ತಿಗೆ ನಗಲಿಲ್ಲ. ಅವಳಿಗೆ ಆ ಕಲ್ಲು ಗುರುತು ಸಿಕ್ಕಿತ್ತು. ಕೋಲು ನಿಲ್ಲಿಸಿದಳು. ನಾನು ಕಲ್ಲನ್ನು ಅವಳ ಮುಂದೆ ಇಟ್ಟು, ಕೂತು, ಹೇಳಿದೆ.

"ಅತ್ತಿಗೆ, ಇದು ನಿಂದು. ಅಣ್ಣ, ಆ ಹೆಂಚು ನಾನೇ ಇಟ್ಟಿದ್ದು, ಗೊತ್ತಿದ್ದೂ ಗೊತ್ತಿದ್ದೂ ತೆಗೀಲಿಲ್ಲ. ಕಡ್ಡಿ ಅಸಿ ಇರ್ಲಿಲ್ಲ ಅತ್ತಿಗೆ. ನಿಂದೇನೂ ತಪ್ಪಿರ್ಲಿಲ್ಲ. ನಾನು ಸುಳ್ಳೇಳ್ದೆ. ತಪ್ಪಾಯ್ತು, ಇಬ್ರೂ ನನ್ನ ಕ್ಷಮಿಸ್ಬಿಡಿ."